ಅದು ಅವರಿಗೆ ಗೊತ್ತಾಗಿದ್ದು ಹೇಗೆ?

(ಘಟ್ಟದ ಕೆಳಗಿನ ಒಂದು ಊರಿನ ಗ್ರಂಥಾಲಯದಲ್ಲಿ ಮಳೆಗಾಲದ ಒಂದು ಭಾನುವಾರ ಆಡಿದ ಮಾತು. ಕರೆಂಟು ಕೈಕೊಟ್ಟಿದ್ದರಿಂದ ತಂದಿದ್ದ ಚಿತ್ರಗಳನ್ನು ತೋರಿಸಲು ಆಗಲಿಲ್ಲ. ನೆನಪಿನಿಂದ ಬರೆದಿದ್ದೇನೆ. ಆಡುವಾಗ ಎಳೆದಾಡಿದ್ದನ್ನು ಒಂದಷ್ಟು ಕತ್ತರಿಸಿದ್ದೇನೆ.)

ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ನನ್ನ ದನಿ ಸಾಲದು. ಮುಂದೆ ಬನ್ನಿ, ಎರಡು ಬೆಂಚು ಖಾಲಿಯೇ ಇವೆ.

ನಿಮ್ಮೆಲ್ಲರ ಮೊಬೈಲಿಗೂ ಇಂಥ ಸಂದೇಶ ಬಂದಿರುತ್ತೆ. ‘ವಿಜ್ಞಾನಿಗಳೇ ಬೆಚ್ಚಿಬಿದ್ದರು!’ ಕೆಳಗೊಂದು ವಿಚಿತ್ರ ಪ್ರಾಣಿಯ ಚಿತ್ರ. ಅದರ ಕೆಳಗೆ, ಹತ್ತು ಜನಕ್ಕೆ ಕಳಿಸಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು. ಇಂಥ ಸುದ್ದಿ ಸಿಕ್ಕರೆ ತರಗತಿಯಲ್ಲಿ ಓದಿ ಹೇಳುವ ಚಟ ನನಗೂ ಇತ್ತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರೆ ಮೇಷ್ಟ್ರಿಗೆ ಖುಷಿ ಅಲ್ವಾ?

2023ರಲ್ಲಿ ಒಂದು ದಿನ ಹೀಗೇ ಹೇಳಿದೆ. ಸೈಬೀರಿಯದ ಹಿಮದ ಮಣ್ಣಿನಲ್ಲಿ ಒಂದು ಹುಳ ಸಿಕ್ಕಿದೆ, 46 ಸಾವಿರ ವರ್ಷ ಮಲಗಿದ್ದು ಈಗ ಎದ್ದಿದೆ ಅಂತ. ಎಲ್ಲರೂ ಓ ಅಂದರು. ಕೊನೆ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಕೈ ಎತ್ತಿದಳು. ‘ಸರ್, 46 ಸಾವಿರ ಅಂತ ಅವರಿಗೆ ಹೆಂಗೆ ಗೊತ್ತಾಯ್ತು? ಹುಳ ಹೇಳ್ತಾ?’

ತರಗತಿ ಬಿದ್ದು ಬಿದ್ದು ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. ‘ನಾಳೆ ಹೇಳ್ತೀನಿ’ ಅಂದೆ. ಮೇಷ್ಟ್ರುಗಳ ಹಳೇ ಉಪಾಯ ಅದು.

ರಾತ್ರಿ ಕೂತು ಹುಡುಕಿದೆ. ಉತ್ತರ ಸಿಕ್ಕಿದ್ದು ಅಳಿಲಿನಲ್ಲಿ. ಸೈಬೀರಿಯದ ಈಶಾನ್ಯ ಮೂಲೆಯಲ್ಲಿ ಕೊಲಿಮಾ ಅಂತ ನದಿ ಇದೆ. ಅದರ ದಂಡೆಯ ಹೆಪ್ಪುಗಟ್ಟಿದ ಮಣ್ಣಿನಲ್ಲಿ, ಸುಮಾರು 40 ಮೀಟರ್ ಆಳದಲ್ಲಿ, ನೆಲದ ಅಳಿಲೊಂದು ಯಾವಾಗಲೋ ತೋಡಿದ್ದ ಬಿಲ ಸಿಕ್ಕಿತು. ಅಳಿಲು ಅಲ್ಲಿ ಹುಲ್ಲು, ಬೀಜ ಕೂಡಿಟ್ಟಿತ್ತು. ಹುಳ ಸಿಕ್ಕಿದ್ದು ಆ ಬಿಲದ ಮಣ್ಣಿನಲ್ಲಿ. ಅಂದರೆ ಅವರು ವಯಸ್ಸು ಅಳೆದದ್ದು ಹುಳದ್ದಲ್ಲ, ಅದರ ಜೊತೆ ಹೆಪ್ಪುಗಟ್ಟಿದ್ದ ಗಿಡದ ಚೂರುಗಳದ್ದು. ಗಿಡ ಸತ್ತ ಮೇಲೆ ಅದರೊಳಗಿನ ಒಂದು ಬಗೆಯ ಇಂಗಾಲ ಒಂದೇ ಲೆಕ್ಕದಲ್ಲಿ ಕರಗುತ್ತಾ ಹೋಗುತ್ತೆ. ಎಷ್ಟು ಉಳಿದಿದೆ ಅಂತ ನೋಡಿದರೆ ಎಷ್ಟು ಕಾಲವಾಯಿತು ಅಂತ ತಿಳಿಯುತ್ತೆ. ‘ಹುಳ ಆಮೇಲೆ ಹೊರಗಿನಿಂದ ಸೇರಿಕೊಂಡಿದ್ದರೆ?’ ಅಂತ ಅನುಮಾನಪಟ್ಟ ವಿಜ್ಞಾನಿಗಳೂ ಇದ್ದಾರೆ. ಅನುಮಾನ ಸರಿಯಾದದ್ದೇ. ಮಣ್ಣು ಅಷ್ಟು ಕಾಲ ಒಮ್ಮೆಯೂ ಕರಗದೆ ಗಟ್ಟಿಯಾಗಿಯೇ ಇತ್ತು ಅನ್ನುವುದು ಕಂಡುಹಿಡಿದವರ ವಾದ.

ಎದ್ದ ಹುಳ ಹೆಚ್ಚು ದಿನ ಬದುಕಲಿಲ್ಲ. ಆದರೆ ಅದಕ್ಕೆ ಗಂಡು ಬೇಕಾಗಿರಲಿಲ್ಲ, ತಾನೇ ಮೊಟ್ಟೆ ಇಟ್ಟಿತು. ಮಕ್ಕಳು, ಮೊಮ್ಮಕ್ಕಳು ಅಂತ ಪ್ರಯೋಗಾಲಯದಲ್ಲಿ ನೂರಕ್ಕಿಂತ ಜಾಸ್ತಿ ತಲೆಮಾರು ಆಯಿತು. ಅದು ಹೊಸ ಜಾತಿ ಅಂತಲೂ ತಿಳಿಯಿತು. ನದಿಯ ಹೆಸರನ್ನೇ ಅದಕ್ಕೆ ಇಟ್ಟರು.

ಮಾರನೇ ದಿನ ಇದನ್ನು ಹೇಳಿದೆ. ಹುಳ ಎದ್ದಿದ್ದಕ್ಕಿಂತ ಅಳಿಲಿನ ಕತೆಯೇ ಮಕ್ಕಳಿಗೆ ಹಿಡಿಸಿತು. ಅವತ್ತಿನಿಂದ ನಾನು ಸುದ್ದಿಯನ್ನು ಹಿಂದುಮುಂದಾಗಿ ಓದುತ್ತೇನೆ. ಏನು ಕಂಡುಹಿಡಿದರು ಅನ್ನುವುದಕ್ಕೆ ಮೊದಲು, ಹೆಂಗೆ ಗೊತ್ತಾಯ್ತು? ಇವತ್ತು ಹೇಳುವುದೂ ಅದೇ.

ಈ ಸ್ಟೀಲ್ ಡಬ್ಬಿಯಲ್ಲಿ ಏನಿದೆ ಹೇಳಿ? ತಿಂಡಿ ಅಲ್ಲ. ಹೊರಗಿನ ಕಾಂಪೌಂಡ್ ಗೋಡೆಯಿಂದ ನಿನ್ನೆ ಸಂಜೆ ಕೆರೆದು ತಂದ ಪಾಚಿ. ಹಸಿರು ವೆಲ್ವೆಟ್ಟಿನ ಹಾಗೆ ಗೋಡೆಗೆ ಅಂಟಿಕೊಂಡಿರುತ್ತಲ್ಲ, ಅದೇ. ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿದ್ದೇನೆ. ಹಿಂಡಿ, ಆ ನೀರಿನ ಒಂದು ಹನಿಯನ್ನು ಸಾಧಾರಣ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಅದೃಷ್ಟ ಇದ್ದರೆ ಒಂದು ಪ್ರಾಣಿ ಕಾಣುತ್ತೆ. ಎಂಟು ಕಾಲು, ಕಾಲಿಗೆ ಉಗುರು, ಗುಂಡು ಮೈ. ಉಬ್ಬಿದ ದಿಂಬಿಗೆ ಕಾಲು ಬಂದ ಹಾಗೆ ಇರುತ್ತೆ. ಅರ್ಧ ಮಿಲಿಮೀಟರ್ ಇದ್ದರೆ ಅದರಲ್ಲಿ ದೊಡ್ಡದು. ನೀರುಕರಡಿ ಅನ್ನುತ್ತಾರೆ. ನಡೆಯುವುದೂ ಕರಡಿಯ ಹಾಗೇ, ಅವಸರವಿಲ್ಲದೆ. ಒಣಗಿಸಿದರೆ ಮುದುರಿಕೊಂಡು ಮಲಗುತ್ತೆ, ನೀರು ಬಿದ್ದರೆ ಏಳುತ್ತೆ. ಅಂತರಿಕ್ಷದಲ್ಲಿ ಬಯಲಿಗೆ ಒಡ್ಡಿ ವಾಪಸ್ ತಂದಾಗಲೂ ಕೆಲವು ಬದುಕಿದ್ದವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಗೊತ್ತಲ್ಲ. ಅಲ್ಲಿನ ಆವರಣದ ಕಾಂಕ್ರೀಟ್ ಗೋಡೆಯ ಪಾಚಿಯಲ್ಲಿ ಸಂದೀಪ್ ಈಶ್ವರಪ್ಪ ಅವರ ತಂಡಕ್ಕೆ ಒಂದು ನೀರುಕರಡಿ ಸಿಕ್ಕಿತು. ಕೆಂಪುಕಂದು ಬಣ್ಣದ್ದು. ಇದಕ್ಕೆ ಏನು ಮಾಡಿದರೆ ಸಾಯುತ್ತೆ ನೋಡೋಣ ಅಂತ ಅವರು ನೇರಳಾತೀತ ದೀಪದ ಕೆಳಗಿಟ್ಟರು. ಆಸ್ಪತ್ರೆಯಲ್ಲಿ ರೋಗಾಣು ಕೊಲ್ಲಲು ಹಾಕುತ್ತಾರಲ್ಲ, ಆ ದೀಪ. ಬೇರೆ ಜಾತಿಯ ನೀರುಕರಡಿಯನ್ನು ಅದರ ಕೆಳಗೆ 15 ನಿಮಿಷ ಇಟ್ಟರೆ ಒಂದು ದಿನದೊಳಗೆ ಹೆಚ್ಚಿನವು ಸತ್ತವು. ಗೋಡೆಯ ಕರಡಿಗಳಿಗೆ ಏನೂ ಆಗಲಿಲ್ಲ. ನಾಲ್ಕು ಪಟ್ಟು ಜಾಸ್ತಿ ಕೊಟ್ಟರು. ಆಗಲೂ ನೂರಕ್ಕೆ ಅರವತ್ತರಷ್ಟು ತಿಂಗಳು ದಾಟಿ ಬದುಕಿದವು.

ಯಾಕೆ ಅಂತ ತಿಳಿದದ್ದು ಆಕಸ್ಮಿಕವಾಗಿ. ಕರಡಿಗಳನ್ನು ಅರೆದ ರಸ ಒಂದು ಕೊಳವೆಯಲ್ಲಿತ್ತು. ಅದು ನೇರಳಾತೀತ ಬೆಳಕಿನ ಹತ್ತಿರ ಬಂದಾಗ ನೀಲಿಯಾಗಿ ಹೊಳೆಯಿತು. ಕಣ್ಣಿಗೆ ಕಾಣದ, ಜೀವ ತೆಗೆಯುವ ಬೆಳಕನ್ನು ಹೀರಿಕೊಂಡು ಅಪಾಯವಿಲ್ಲದ ನೀಲಿ ಬೆಳಕಾಗಿ ಬಿಡುವ ಏನೋ ಒಂದು ಆ ಮೈಯಲ್ಲಿದೆ ಅಂತಾಯಿತು.

ಆದರೆ ಹೊಳೆಯಿತು ಅಂದ ಮಾತ್ರಕ್ಕೆ ಅದೇ ಕಾರಣ ಅಂತ ಹೇಳುವ ಹಾಗಿಲ್ಲ. ಹಾಗಾಗಿ ಅವರು ಆ ಹೊಳೆಯುವ ರಸವನ್ನೇ ತೆಗೆದು, ತಡೆಯುವ ಶಕ್ತಿ ಇಲ್ಲದ ಇನ್ನೊಂದು ಜಾತಿಯ ಕರಡಿಗೆ ಹೊದಿಸಿ ಮತ್ತೆ ದೀಪ ಹಚ್ಚಿದರು. ಅವುಗಳಲ್ಲೂ ಎಷ್ಟೋ ಬದುಕಿದವು. ಇನ್ನೊಬ್ಬರ ಛತ್ರಿ ಹಿಡಿದು ಮಳೆ ದಾಟಿದ ಹಾಗೆ. ಬಿಸಿಲು ಕಾಯುವ ಗೋಡೆಯ ಮೇಲೆ ಬದುಕುವ ಪ್ರಾಣಿಗೆ ಇಂಥ ಛತ್ರಿ ಬೇಕೇ ಬೇಕು, ಅಲ್ವಾ? 2020ರ ಕೊನೆಗೆ ಈ ಸಂಶೋಧನೆ ಪ್ರಕಟವಾಯಿತು. ಆ ಕರಡಿಗೆ ಸದ್ಯಕ್ಕೆ ಕೊಟ್ಟ ಗುರುತಿನಲ್ಲಿ ಬಿಎಲ್ಆರ್ ಅಂತ ಸೇರಿಸಿದ್ದಾರೆ. ಬೆಂಗಳೂರಿನ ಮೂರಕ್ಷರ. ವಿಮಾನದ ಟಿಕೆಟ್ಟಿನಲ್ಲಿ ಇರುತ್ತಲ್ಲ, ಅದೇ.

ಡಬ್ಬಿ ಇಲ್ಲೇ ಇರಲಿ, ಆಮೇಲೆ ನೋಡೋಣ.

ಈಗ ಇರುವೆ. ಇದನ್ನು ಸ್ವಲ್ಪ ನಿಧಾನ ಕೇಳಬೇಕು. ನಾನೇ ಮೂರು ಸಲ ಓದಿದ ಮೇಲೆ ತಲೆಗೆ ಹೋಗಿದ್ದು.

ದಕ್ಷಿಣ ಯುರೋಪಿನಲ್ಲಿ ಕಾಳು ಕೂಡಿಡುವ ಇರುವೆಗಳಿವೆ. ಅವುಗಳಲ್ಲಿ ಐಬೀರಿಯದ ಇರುವೆ ಅನ್ನುವುದು ಒಂದು ಜಾತಿ. ನಾವು ಇದನ್ನು ‘ನಮ್ಮ ಮನೆ’ ಅನ್ನೋಣ. ಇನ್ನೊಂದು ಜಾತಿಯನ್ನು ‘ಪಕ್ಕದ ಮನೆ’ ಅನ್ನೋಣ. ಎರಡೂ ಬೇರೆಯಾಗಿ 50 ಲಕ್ಷ ವರ್ಷಕ್ಕೂ ಜಾಸ್ತಿ ಆಗಿದೆ. ಮನುಷ್ಯ ಮತ್ತು ಚಿಂಪಾಂಜಿ ಬೇರೆಯಾಗಿದ್ದೂ ಹೆಚ್ಚುಕಮ್ಮಿ ಆ ಕಾಲದ ಮಾತು.

ನಮ್ಮ ಮನೆಯ ಗೂಡುಗಳಲ್ಲಿ ಕೆಲಸಗಾರ ಇರುವೆಗಳನ್ನು ಪರೀಕ್ಷೆ ಮಾಡಿದರೆ ಎಲ್ಲವೂ ಬೆರಕೆ. ತಾಯಿ ನಮ್ಮ ಮನೆ, ತಂದೆ ಪಕ್ಕದ ಮನೆ. ಹೇಸರಗತ್ತೆಯ ಹಾಗೆ. ಇಲ್ಲಿಯವರೆಗೆ ಅಂಥ ಆಶ್ಚರ್ಯವಿಲ್ಲ. ರಾಣಿ ಹೋಗಿ ಪಕ್ಕದ ಜಾತಿಯ ಗಂಡಿನ ಜೊತೆ ಕೂಡಿ ಬರುತ್ತಾಳೆ ಅಂದುಕೊಳ್ಳಬಹುದು. ಇಂಥದ್ದು ಬೇರೆ ಇರುವೆಗಳಲ್ಲೂ ಇದೆ.

ಗಂಟು ಇದ್ದದ್ದು ಇಟಲಿಯ ಸಿಸಿಲಿ ದ್ವೀಪದಲ್ಲಿ. ಅಲ್ಲಿ ನಮ್ಮ ಮನೆಯ ಗೂಡುಗಳಿವೆ, ಕೆಲಸಗಾರರೆಲ್ಲ ಬೆರಕೆಯೇ. ಆದರೆ ಪಕ್ಕದ ಮನೆಯೇ ಇಲ್ಲ! ಅತಿ ಹತ್ತಿರದ ಪಕ್ಕದ ಮನೆ ಅಂದರೆ ಸಾವಿರ ಕಿಲೋಮೀಟರಿಗಿಂತ ದೂರ, ಸಮುದ್ರ ಬೇರೆ ಅಡ್ಡ. ಹಾಗಾದರೆ ಈ ಮಕ್ಕಳ ಅಪ್ಪ ಎಲ್ಲಿಂದ ಬಂದ?

ಫ್ರಾನ್ಸಿನ ಮಾಂಪೆಲಿಯೆಯ ಜೊನಾಥನ್ ರೊಮಿಗ್ಯೆ ಮತ್ತು ಜೊತೆಯವರು ಗೂಡು ತೋಡಿ ನೋಡಿದರು. ಒಂದೇ ಗೂಡಿನಲ್ಲಿ ಎರಡು ಬಗೆಯ ಗಂಡುಗಳು. ಒಂದಕ್ಕೆ ಮೈತುಂಬ ಕೂದಲು. ಇನ್ನೊಂದು ಹೆಚ್ಚುಕಮ್ಮಿ ಬೋಳು. ಕೂದಲಿರುವುದು ನಮ್ಮ ಮನೆಯದು, ಬೋಳು ಪಕ್ಕದ ಮನೆಯದು. ಡಿಎನ್‌ಎ ನೋಡಿದರೂ ಹಾಗೇ ಬಂತು. ಅಂದರೆ ಪಕ್ಕದ ಮನೆಯ ಗಂಡು ನಮ್ಮ ಮನೆಯೊಳಗೇ ಇದ್ದಾನೆ. ಹೊರಗಿನಿಂದ ಬಂದು ಸೇರಿಕೊಂಡನೋ, ಇಲ್ಲೇ ಹುಟ್ಟಿದನೋ?

ಗೊತ್ತಾಗಿದ್ದು ಹೀಗೆ. ಜೀವಕೋಶದೊಳಗೆ ಡಿಎನ್‌ಎ ಇರುವುದು ಎರಡು ಕಡೆ. ಒಂದು ನಡುವಿನ ಬೀಜದಲ್ಲಿ, ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರಿಂದಲೂ ಬರುವಂಥದ್ದು. ಇನ್ನೊಂದು ಮೈಟೋಕಾಂಡ್ರಿಯದಲ್ಲಿ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದಲ್ಲಿ. ಅದು ತಾಯಿಯ ಮೊಟ್ಟೆಯ ಜೊತೆಗೇ ಬರುತ್ತೆ, ಅಪ್ಪನ ಕಡೆಯಿಂದ ಬರುವುದಿಲ್ಲ. ನಮ್ಮಲ್ಲಿ ಮದುವೆಗೆ ಕೊಟ್ಟ ಸ್ಟೀಲ್ ಪಾತ್ರೆಯ ಅಡಿಯಲ್ಲಿ ಹೆಸರು ಕೊರೆಸುತ್ತಾರಲ್ಲ. ಪಾತ್ರೆಯೊಳಗೆ ಪಕ್ಕದ ಮನೆಯ ಪಲ್ಯ ತುಂಬಿರಬಹುದು. ತಿರುಗಿಸಿ ನೋಡಿದರೆ ಯಾರ ಮನೆಯ ಪಾತ್ರೆ ಅಂತ ತಿಳಿಯುತ್ತೆ. ಆ ಬೋಳು ಗಂಡುಗಳನ್ನು ತಿರುಗಿಸಿ ನೋಡಿದರು. ಒಳಗಿನ ಪಲ್ಯ ಪೂರ್ತಿ ಪಕ್ಕದ ಮನೆಯದು. ಅಡಿಯಲ್ಲಿ ಕೊರೆದ ಹೆಸರು ನಮ್ಮ ಮನೆಯದು!

ಅಂದರೆ ನಮ್ಮ ಮನೆಯ ರಾಣಿಯೇ ಅವನನ್ನು ಹೆತ್ತಿದ್ದಾಳೆ. ಆ ಮೊಟ್ಟೆಗಳಲ್ಲಿ ತನ್ನ ಪಾಲಿನ ಬೀಜವನ್ನು ತೆಗೆದುಹಾಕಿ, ಒಳಗೆ ಕೂಡಿಟ್ಟುಕೊಂಡ ಗಂಡಿನ ಬೀಜ ಒಂದನ್ನೇ ಇಟ್ಟು, ಅಪ್ಪನ ಪಡಿಯಚ್ಚು ತೆಗೆದಿದ್ದಾಳೆ. ತನ್ನ ಜಾತಿಯ ಗಂಡನ್ನೂ ಅವಳೇ ಹೆರುತ್ತಾಳೆ, ಬೇರೆ ಜಾತಿಯ ಗಂಡನ್ನೂ ಅವಳೇ ಹೆರುತ್ತಾಳೆ. ಮುಂದೆ ಆ ಗೂಡುಗಳ ಹೊಸ ರಾಣಿಯರು ಇಬ್ಬರ ಜೊತೆಗೂ ಕೂಡುತ್ತಾರೆ. ತನ್ನ ಜಾತಿಯವನಿಂದ ರಾಣಿಯರು, ಬೇರೆಯವನಿಂದ ಕೆಲಸಗಾರರು. ಪಕ್ಕದ ಮನೆಯ ಅಗತ್ಯವೇ ಇಲ್ಲ. ಹಿಂದೆ ಊರಲ್ಲಿ ಬೀಜದ ಹೋರಿ ಸಾಕುತ್ತಿದ್ದರಲ್ಲ, ಹಾಗೆ ಇವಳು ಒಂದು ಇಡೀ ಜಾತಿಯ ಗಂಡನ್ನು ಸಾಕಿಕೊಂಡಿದ್ದಾಳೆ. ವ್ಯತ್ಯಾಸ ಇಷ್ಟೇ, ಹೋರಿಯನ್ನು ನಾವು ಹೆರುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂತು. ಒಂದು ತಾಯಿ ಹೆತ್ತ ಮಕ್ಕಳು ಒಂದೇ ಜಾತಿ ಅಂತ ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆ ಸಾಲನ್ನು ಈಗ ಅಡ್ಡಗೆರೆ ಹಾಕಿ ತಿದ್ದಬೇಕು.

(ಇಲ್ಲಿ ಒಬ್ಬರು ಎದ್ದು, ‘ಹಾಗಾದರೆ ಜಾತಿ ಅಂದರೆ ಏನು ಸ್ವಾಮಿ?’ ಅಂದರು. ಯಾವ ಜಾತಿ ಅಂತ ಹಿಂದಿನಿಂದ ಯಾರೋ ಕೇಳಿ ಎಲ್ಲರೂ ನಕ್ಕರು. ನಾನೂ ನಕ್ಕು ಮುಂದೆ ಹೋದೆ. ಈಗ ಅನ್ನಿಸುತ್ತಿದೆ, ನಿಂತು ಉತ್ತರಿಸಬೇಕಿತ್ತು.)

ಟೊಮೇಟೊಗೆ ಬರೋಣ. ಗಿಡ ಅಳುತ್ತೆ ಅನ್ನುವ ವಿಡಿಯೊ ನೀವು ನೋಡಿರುತ್ತೀರಿ. ಅದರ ಹಿಂದೆ ಒಂದು ನಿಜವಾದ ಪ್ರಯೋಗ ಇದೆ. 2023ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಲಿಲಾಕ್ ಹದಾನಿ ಅವರ ತಂಡ ಪ್ರಕಟಿಸಿದ್ದು. ಟೊಮೇಟೊ ಮತ್ತು ತಂಬಾಕಿನ ಗಿಡಗಳನ್ನು ಸದ್ದು ನುಗ್ಗದ ಪೆಟ್ಟಿಗೆಯಲ್ಲಿಟ್ಟು, ಹತ್ತು ಸೆಂಟಿಮೀಟರ್ ದೂರದಲ್ಲಿ ಮೈಕ್ ಇಟ್ಟರು. ಮಾಮೂಲಿ ಮೈಕಲ್ಲ, ನಮ್ಮ ಕಿವಿಗೆ ಸಿಗದ ಎತ್ತರದ ಸ್ವರ ಹಿಡಿಯುವಂಥದ್ದು. ನೀರು ಕಂಡ ಗಿಡ ಹೆಚ್ಚುಕಮ್ಮಿ ಸುಮ್ಮನಿತ್ತು, ಗಂಟೆಗೆ ಒಂದು ಸದ್ದೂ ಇಲ್ಲ. ನೀರು ನಿಲ್ಲಿಸಿದ ಟೊಮೇಟೊ ಗಂಟೆಗೆ ಸುಮಾರು 35 ಸಲ ಟಕ್ ಟಕ್ ಅಂದಿತು. ಕಾಂಡ ಕತ್ತರಿಸಿದ ಗಿಡವೂ ಹಾಗೇ ಸದ್ದು ಮಾಡಿತು. ನಮ್ಮ ಕಿವಿಗೆ ಕೇಳಿಸುವಷ್ಟು ತಗ್ಗಿಸಿದ ಧ್ವನಿಮುದ್ರಿಕೆ ಕೇಳಿದ್ದೇನೆ. ಬಾಣಲೆಯಲ್ಲಿ ಸಾಸಿವೆ ಸಿಡಿಯುವ ಹಾಗಿದೆ.

ಇದು ಗಿಡದ್ದೇ ಸದ್ದು ಅಂತ ಗೊತ್ತಾಗಿದ್ದು ಹೇಗೆ? ಬರೀ ಮಣ್ಣು ತುಂಬಿದ ಕುಂಡವನ್ನೂ ಅದೇ ಪೆಟ್ಟಿಗೆಯಲ್ಲಿಟ್ಟು ಕೇಳಿದರು. ಅದು ಮಾತಾಡಲಿಲ್ಲ. ನನಗೆ ಆ ಖಾಲಿ ಕುಂಡವೇ ಇಡೀ ಪ್ರಯೋಗದಲ್ಲಿ ಇಷ್ಟವಾದದ್ದು. ವಿಡಿಯೊ ಮಾಡುವವರು ಯಾರೂ ಅದನ್ನು ತೋರಿಸುವುದಿಲ್ಲ.

ಅಳು ಅನ್ನುವುದಕ್ಕೆ ಮಾತ್ರ ಏನೂ ಆಧಾರವಿಲ್ಲ. ಕಾಂಡದೊಳಗೆ ನೀರು ಮೇಲೇರುವ ಸಣ್ಣ ಕೊಳವೆಗಳಿವೆ. ನೀರು ಕಮ್ಮಿಯಾದಾಗ ಅಲ್ಲಿ ಗಾಳಿಗುಳ್ಳೆ ಹುಟ್ಟಿ ಒಡೆಯುತ್ತೆ, ಸದ್ದು ಅದರದ್ದೇ ಇರಬೇಕು ಅನ್ನುತ್ತಾರೆ. ಬೆರಳು ನೆಟಿಕೆ ತೆಗೆದಾಗ ಬರುವ ಸದ್ದನ್ನು ಬೆರಳಿನ ಅಳು ಅಂತೀವಾ? ಇಲ್ಲ. ಆದರೆ ನೆಟಿಕೆ ಕೇಳಿ ಪಕ್ಕದಲ್ಲಿದ್ದವರು ತಿರುಗಿ ನೋಡಬಹುದು. ಅದೇ ತಂಡ 2025ರಲ್ಲಿ ಒಂದು ಪತಂಗದ ಮೇಲೆ ಇದನ್ನು ಪರೀಕ್ಷಿಸಿತು. ನಮ್ಮಲ್ಲಿ ತಂಬಾಕು, ಶೇಂಗಾ ಎಲೆ ತಿಂದು ರೈತರ ಹೊಟ್ಟೆ ಉರಿಸುವ ಹುಳ ಇದೆಯಲ್ಲ, ಅದರ ಹತ್ತಿರದ ನೆಂಟ. ಎರಡು ಆರೋಗ್ಯದ ಟೊಮೇಟೊ ಗಿಡ ಇಟ್ಟು, ಒಂದರ ಪಕ್ಕ ಮಾತ್ರ ಒಣಗಿದ ಗಿಡದ ಸದ್ದು ಹಾಕಿದರು. ಹೆಣ್ಣು ಪತಂಗಗಳು ಜಾಸ್ತಿ ಮೊಟ್ಟೆ ಇಟ್ಟಿದ್ದು ಸದ್ದಿಲ್ಲದ ಗಿಡದ ಮೇಲೆ. ಗಿಡಕ್ಕೆ ಹೇಳುವ ಇರಾದೆ ಇದೆಯೋ ಇಲ್ಲವೋ, ಕೇಳುವವರಂತೂ ಇದ್ದಾರೆ.

ಒಂದು ಮಂಗನ ಕತೆ ಬೇಗ ಹೇಳಿಬಿಡ್ತೀನಿ. ಮಂಗ ಅನ್ನಬಾರದು, ಒರಾಂಗುಟಾನ್, ಬಾಲವಿಲ್ಲದ ವಾನರ. ಸುಮಾತ್ರಾದ ಸುವಾಕ್ ಕಾಡಿನಲ್ಲಿ 2022ರ ಜೂನಿನಲ್ಲಿ ರಾಕುಸ್ ಅನ್ನುವ ಗಂಡಿಗೆ ಕೆನ್ನೆಯ ಮೇಲೆ ಗಾಯವಾಗಿತ್ತು. ಅವನು ಒಂದು ಬಳ್ಳಿಯ ಎಲೆ ಅಗಿದು, ನುಂಗದೆ, ರಸವನ್ನು ಬೆರಳಿನಿಂದ ಗಾಯಕ್ಕೆ ಹಚ್ಚಿದ. ಒಂದು ಸಲವಲ್ಲ, ಏಳು ನಿಮಿಷ. ಆಮೇಲೆ ಅಗಿದ ಎಲೆಯನ್ನೇ ಮೆತ್ತಿ ಗಾಯ ಮುಚ್ಚಿದ. ಐದು ದಿನಕ್ಕೆ ಗಾಯ ಕೂಡಿಕೊಂಡಿತು. ಇದನ್ನು ಕಂಡವರು ಅಲ್ಲಿ ಸುಮ್ನೆ ಅಡ್ಡಾಡಲು ಹೋದವರಲ್ಲ. ಆ ಕಾಡಿನಲ್ಲಿ 21 ವರ್ಷದಲ್ಲಿ 28 ಸಾವಿರ ಗಂಟೆ ಒರಾಂಗುಟಾನ್‌ಗಳನ್ನು ನೋಡುತ್ತಾ ಕಳೆದಿದ್ದರು. ಅಷ್ಟರಲ್ಲಿ ಇದು ಮೊದಲ ಸಲ. ಅಷ್ಟು ಕಾಲ ನೋಡಿದ್ದರಿಂದಲೇ ಇದು ಅಪರೂಪ ಅಂತ ಹೇಳುವ ಹಕ್ಕು ಅವರಿಗೆ ಬಂತು.

ಆ ಬಳ್ಳಿಗೆ ಅಲ್ಲಿನವರು ಆಕಾರ್ ಕುನಿಂಗ್ ಅನ್ನುತ್ತಾರೆ. ಹಳದಿ ಬೇರು ಅಂತ ಅರ್ಥ. ಜ್ವರಕ್ಕೆ, ಭೇದಿಗೆ ಕೊಡುತ್ತಾರೆ. ನಮ್ಮ ಅಮೃತಬಳ್ಳಿಯ ಕುಟುಂಬದ್ದೇ ಅದು. ಇನ್ನೂ ಹತ್ತಿರ ಬೇಕಿದ್ದರೆ, ಇಲ್ಲೇ ಮೇಲೆ ಘಟ್ಟದಲ್ಲಿ ಮರದರಿಶಿನ ಅಂತ ಬಳ್ಳಿ ಇದೆಯಲ್ಲ, ಕಡಿದರೆ ಒಳಗೆಲ್ಲ ಹಳದಿ, ಅದೂ ಅದೇ ಕುಟುಂಬ. ಔಷಧಿಗೆ ಅಂತ ಕಡಿದು ಕಡಿದು ಈಗ ಅದು ಸಿಗುವುದೇ ಕಷ್ಟವಾಗಿದೆ.

ಎಲ್ಲ ಸುದ್ದಿಯೂ ಹೀಗೆ ನಿಲ್ಲುವುದಿಲ್ಲ. ಶಾಂತಸಾಗರದಲ್ಲಿ ಹವಾಯಿ ಮತ್ತು ಮೆಕ್ಸಿಕೋ ನಡುವೆ, ನಾಲ್ಕು ಸಾವಿರ ಮೀಟರ್ ಆಳದ ತಳದಲ್ಲಿ ಆಲೂಗಡ್ಡೆ ಗಾತ್ರದ ಲೋಹದ ಗಂಟುಗಳು ಬಿದ್ದಿವೆ. ಆಂಡ್ರ್ಯೂ ಸ್ವೀಟ್‌ಮನ್ ಅನ್ನುವ ವಿಜ್ಞಾನಿ 2013ರಲ್ಲಿ ಅಲ್ಲಿ ಪೆಟ್ಟಿಗೆ ಇಳಿಸಿ ಆಮ್ಲಜನಕ ಅಳೆದರು. ಬೆಳಕೇ ಇಲ್ಲದ ಜಾಗ, ಆಮ್ಲಜನಕ ಮಾಡುವ ಗಿಡ ಅಲ್ಲಿಲ್ಲ, ಉಸಿರಾಡುವ ಜೀವಿಗಳಷ್ಟೇ, ಹಾಗಾಗಿ ಅದು ಇಳಿಯಬೇಕು. ಏರಿತು. ಉಪಕರಣ ಕೆಟ್ಟಿದೆ ಅಂತ ತಯಾರಕರಿಗೆ ವಾಪಸ್ ಕಳಿಸಿದರು. ಸರಿಯಾಗಿದೆ ಅಂತ ಬಂತು. ಮತ್ತೆ ಇಳಿಸಿದರು, ಮತ್ತೆ ಏರಿತು. ವರ್ಷಗಟ್ಟಲೆ ಇದೇ ಗೋಳು. ಕೊನೆಗೆ ಬೇರೆ ವಿಧಾನದಿಂದ ಅಳೆದರೂ ಅದೇ ಉತ್ತರ ಬಂದಾಗ 2024ರಲ್ಲಿ ಪ್ರಕಟಿಸಿದರು. ಆ ಗಂಟುಗಳು ಸಣ್ಣ ಬ್ಯಾಟರಿಯ ಹಾಗೆ ನೀರನ್ನು ಒಡೆಯುತ್ತಿರಬಹುದು, ಅವುಗಳ ಮೇಲೆ 0.95 ವೋಲ್ಟ್ ತನಕ ಸಿಕ್ಕಿದೆ ಅಂದರು.

ತಕ್ಷಣ ಬೇರೆಯವರು ಎದ್ದು ನಿಂತರು. ಸಮುದ್ರದ ನೀರು ಒಡೆಯಲು ಅಷ್ಟು ವೋಲ್ಟ್ ಸಾಲದು. ಪೆಟ್ಟಿಗೆ ಇಳಿಸುವಾಗ ಗಾಳಿಗುಳ್ಳೆ ಸಿಕ್ಕಿಕೊಂಡಿರಬಹುದು. ಅಧ್ಯಯನಕ್ಕೆ ಹಣ ಕೊಟ್ಟವರಲ್ಲಿ ಆ ಗಂಟುಗಳನ್ನೇ ಎತ್ತಲು ಹೊರಟಿರುವ ಗಣಿ ಕಂಪನಿಯೂ ಇತ್ತು. ಅವರಂತೂ ಒಪ್ಪಲೇ ಇಲ್ಲ, ಯಾಕೆ ಅಂತ ಬಿಡಿಸಿ ಹೇಳಬೇಕಾ? ಜಗಳ ಇನ್ನೂ ಮುಗಿದಿಲ್ಲ. ಇದು ನಮಗೆ ಸಂಬಂಧವಿಲ್ಲದ ಜಗಳ ಅಂದುಕೊಳ್ಳಬೇಡಿ. ಹಿಂದೂ ಮಹಾಸಾಗರದ ನಡುವೆ ಇಂಥದ್ದೇ ಗಂಟುಗಳಿರುವ 75 ಸಾವಿರ ಚದರ ಕಿಲೋಮೀಟರ್ ಜಾಗದಲ್ಲಿ ಹುಡುಕುವ ಹಕ್ಕು ಭಾರತಕ್ಕಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಹತ್ತು ವರ್ಷ ತನ್ನ ಉಪಕರಣವನ್ನೇ ಅನುಮಾನಿಸಿದ ಮನುಷ್ಯನ ಬಗ್ಗೆ ನನಗೆ ಗೌರವ ಇದೆ. ಅವರು ಹೇಳಿದ್ದು ಸರಿಯೋ ತಪ್ಪೋ ಅದು ಬೇರೆ ಮಾತು.

ಕೊನೆಗೆ ನಿಮ್ಮ ಕಡೆಯದೇ ಒಂದು. ಕಪ್ಪೆ.

ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಒಂದು ಕಪ್ಪೆಯಿದೆ. ಹೆಣ್ಣು ನೀರಿನ ಮೇಲೆ ಬಾಗಿದ ರೆಂಬೆಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋದರೆ, ಗಂಡು ಕೆಳಗಿನಿಂದ ಎರಡೂ ಕೈಯಲ್ಲಿ ಕೆಸರು ತಂದು ಅದರ ಮೇಲೆ ಮೆತ್ತುತ್ತೆ. ಕೆ. ವಿ. ಗುರುರಾಜ ಮತ್ತು ಜೊತೆಯವರು 2014ರಲ್ಲಿ ಅದನ್ನು ಹೊಸ ಜಾತಿ ಅಂತ ವಿವರಿಸಿದಾಗ ವೈಜ್ಞಾನಿಕ ಹೆಸರಿನಲ್ಲೇ ‘ಕುಂಬಾರ’ ಅಂತ ಇಟ್ಟರು. ಲ್ಯಾಟಿನ್ ಸಾಲಿನ ನಡುವೆ ನಮ್ಮ ಕುಂಬಾರ ಕೂತಿದ್ದಾನೆ. ರಾತ್ರಿ ತೊರೆಯ ಪಕ್ಕ ಕಾದು ಕೂತವರಿಗೆ ಮಾತ್ರ ಕಾಣುವ ಕೆಲಸ ಅದು.

ನಾನು ಹೇಳಬೇಕೆಂದಿದ್ದು ಇನ್ನೊಂದು ಕಪ್ಪೆ. 2023ರ ಜೂನ್ 19. ಕಾರ್ಕಳ ತಾಲೂಕಿನ ಮಾಳ. (‘ನಮ್ಮ ಮಾಳವಾ?’ ಅಂತ ಒಂದು ದನಿ. ಹೌದು, ಅದೇ ಮಾಳ.) ಕುದುರೆಮುಖದ ಬುಡದಲ್ಲಿ, ರಸ್ತೆ ಬದಿಯ ಹೊಂಡದಲ್ಲಿ ಸುಮಾರು ನಲವತ್ತು ಕಪ್ಪೆಗಳಿದ್ದವು. ಬೆನ್ನು ಬಂಗಾರದ ಬಣ್ಣದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ. ಆರ್. ನಾರಾಯಣರಾವ್ ಅವರು 1937ರಲ್ಲಿ ವಿವರಿಸಿದ ಜಾತಿ, ಹೊಸದೇನಲ್ಲ. ಕಪ್ಪೆ, ಹಾವು ನೋಡಲು ಹೋಗಿದ್ದ ಗೆಳೆಯರ ಗುಂಪಿಗೆ ಅವುಗಳಲ್ಲಿ ಒಂದು ಬೇರೆಯಾಗಿ ಕಂಡಿತು. ಕಡ್ಡಿಯ ಮೇಲೆ ಕೂತಿತ್ತು. ಪಕ್ಕೆಯಲ್ಲಿ ಏನೋ ಬಿಳಿ. ಹತ್ತಿರ ಹೋದರೆ, ಅಣಬೆ. ದಂಟು, ಮೇಲೆ ಟೋಪಿ, ಪೂರ್ತಿ ಅಣಬೆ, ಬದುಕಿರುವ ಕಪ್ಪೆಯ ಪಕ್ಕೆಯಿಂದ ಎದ್ದಿದೆ. ಕಪ್ಪೆಗೆ ಅದರ ಪರಿವೆಯೇ ಇದ್ದ ಹಾಗಿರಲಿಲ್ಲ.

ಫೋಟೋ ತೆಗೆದರು. ಕಪ್ಪೆಯನ್ನು ಹಿಡಿಯಲಿಲ್ಲ. ಫೋಟೋ ನೋಡಿದ ಅಣಬೆ ತಿಳಿದವರು, ಇದು ಸಾಮಾನ್ಯವಾಗಿ ಕೊಳೆತ ಮರದ ಮೇಲೆ ಏಳುವ ಪುಟ್ಟ ಟೋಪಿ ಅಣಬೆಯ ಬಳಗದ್ದು ಅಂದರು. ಜೀವಂತ ಪ್ರಾಣಿಯ ಮೈಮೇಲೆ ಅದನ್ನು ಕಂಡವರಿಲ್ಲ. 2024ರ ಜನವರಿಯಲ್ಲಿ ಒಂದು ಪುಟ್ಟ ಟಿಪ್ಪಣಿಯಾಗಿ ಪ್ರಕಟವಾಯಿತು, ಲೋಕವೆಲ್ಲ ಸುತ್ತಿತು.

ನೋಡಿ, ಇಲ್ಲಿ ಆ ಹುಡುಗಿಯ ಪ್ರಶ್ನೆ ಕೇಳಿದರೆ ಏನು ಹೇಳೋಣ? ಅಣಬೆ ಚರ್ಮದ ಮೇಲಿನ ಕೊಳೆಯಲ್ಲಿ ಎದ್ದಿತ್ತೋ, ಮೈಯೊಳಗೆ ಬೇರುಬಿಟ್ಟಿತ್ತೋ? ಕಪ್ಪೆಗೆ ಕಾಯಿಲೆಯಾಗಿತ್ತೋ? ಫೋಟೋ ಹೇಳುವುದಿಲ್ಲ. ಅಣಬೆಯೂ ಒಂದು ಶಿಲೀಂಧ್ರ. ಶಿಲೀಂಧ್ರ ಅಂದರೆ ಕಪ್ಪೆ ಬಲ್ಲವರು ಹೆದರುವುದಕ್ಕೆ ಕಾರಣ ಇದೆ. ಕೈಟ್ರಿಡ್ ಅನ್ನುವ ಬೇರೊಂದು ಶಿಲೀಂಧ್ರ ಜಗತ್ತಿನಲ್ಲಿ 501 ಉಭಯವಾಸಿ ಜಾತಿಗಳನ್ನು ಕುಗ್ಗಿಸಿದೆ, ಅದರಲ್ಲಿ 90 ಪೂರ್ತಿ ಅಳಿದಿರಬಹುದು ಅಂತ 2019ರ ಲೆಕ್ಕ. ಮಾಳದ ಅಣಬೆ ಆ ಜಾತಿಯದಲ್ಲ. ಮರ ತಿನ್ನುವ ಬಡಪಾಯಿ.

‘ಹಿಡಿದು ಪರೀಕ್ಷೆ ಮಾಡಿಸಬೇಕಿತ್ತು’ ಅಂದರು ಮುಂದಿನ ಬೆಂಚಿನ ಹಿರಿಯರೊಬ್ಬರು. ‘ಇರುವುದೇ ಒಂದು, ಅದನ್ನೂ ಕೊಯ್ದು ನೋಡಬೇಕಾ?’ ಅಂದರು ಕಿಟಕಿ ಪಕ್ಕ ನಿಂತಿದ್ದ ಹೆಂಗಸು. ‘ಕೊಯ್ಯುವುದು ಬೇಡ, ಹತ್ತಿಯಿಂದ ಚೂರು ಒರೆಸಿಕೊಂಡಿದ್ದರೆ ಸಾಕಿತ್ತು’ ಅಂದ ಕಾಲೇಜು ಹುಡುಗ. ಅಲ್ಲಿಗೆ ಉಪನ್ಯಾಸ ನನ್ನ ಕೈತಪ್ಪಿತು. ಅರ್ಧ ಗಂಟೆ ಅವರವರೇ ವಾದ ಮಾಡಿದರು. ಎರಡು ಬಣ ಆಯಿತು. ನನ್ನನ್ನು ಕೇಳಿದರು. ಹಿಡಿಯದೇ ಬಿಟ್ಟಿದ್ದು ಒಳ್ಳೆಯದಾಯಿತು ಅಂದೆ, ಆದರೆ ಆ ಹತ್ತಿ ಚೂರಿನ ಮಾತು ಈಗಲೂ ತಲೆಯಲ್ಲಿ ಕೊರೆಯುತ್ತಿದೆ.

ಆಮೇಲೆ ಡಬ್ಬಿ ತೆಗೆದೆವು. ಕರೆಂಟು ಬಂದಿರಲಿಲ್ಲ, ಮೊಬೈಲ್ ಟಾರ್ಚನ್ನು ಸೂಕ್ಷ್ಮದರ್ಶಕದ ಕನ್ನಡಿಗೆ ಹಿಡಿದರು. ಏಳು ಹನಿ ನೋಡಿದೆವು. ನೀರುಕರಡಿ ಸಿಗಲಿಲ್ಲ. ಎಂಟನೆಯದರಲ್ಲಿ ದಾರದಂಥ ಹುಳವೊಂದು ಅತ್ತಿತ್ತ ಹೊರಳುತ್ತಿತ್ತು. ಸೈಬೀರಿಯದ ಹುಳದ ದೂರದ ನೆಂಟ. ಸಾಲಾಗಿ ನಿಂತು ಎಲ್ಲರೂ ನೋಡಿದರು. ಐದೂವರೆ ಬಸ್ಸಿಗೆ ಹೊತ್ತಾಯಿತು ಅಂತ ನಾನು ಎದ್ದಾಗ ಆ ಕಾಲೇಜು ಹುಡುಗ ಡಬ್ಬಿಯನ್ನು ಇಲ್ಲೇ ಬಿಟ್ಟುಹೋಗಿ ಅಂದ. ಬಿಟ್ಟು ಬಂದೆ. ಅಡಿಯಲ್ಲಿ ನಮ್ಮ ಮನೆಯ ಹೆಸರಿದೆ, ವಾಪಸ್ ಬರುತ್ತೆ.